ಎರವಲು ನಕ್ಷೆಯ ಲೆಕ್ಕಾಚಾರ: ಫೋನ್ ತಯಾರಕರು ಮ್ಯಾಪ್ ಪೂರೈಕೆದಾರರನ್ನು ಕೈಬಿಡಬೇಕೇ?

2012ರ ಸೆಪ್ಟೆಂಬರ್ 19ರಂದು ಆ್ಯಪಲ್ ಕಂಪನಿ ಐಒಎಸ್ 6 ತಂತ್ರಾಂಶವನ್ನು ಬಿಡುಗಡೆ ಮಾಡಿತು. ಅದನ್ನು ಅಳವಡಿಸಿಕೊಂಡ ಐಫೋನುಗಳಲ್ಲಿ ಮ್ಯಾಪ್ಸ್ ಎಂಬ ಆ್ಯಪ್ ಮೊದಲಿನ ಹೆಸರಿನಲ್ಲೇ ಉಳಿದುಕೊಂಡಿತಾದರೂ, ಅದರೊಳಗಿದ್ದ ಗೂಗಲ್ ನಕ್ಷೆ ಮಾಯವಾಗಿ ಆ ಜಾಗದಲ್ಲಿ ಆ್ಯಪಲ್ ತಾನೇ ಜೋಡಿಸಿದ ನಕ್ಷೆ ಬಂದು ಕೂತಿತ್ತು. ಮುಂದಿನ ಕೆಲವೇ ದಿನಗಳಲ್ಲಿ ಇದು ಆ ಕಂಪನಿಯ ಇತಿಹಾಸದ ಅತ್ಯಂತ ಮುಜುಗರದ ಪ್ರಸಂಗಗಳಲ್ಲಿ ಒಂದಾಯಿತು. ಹೊರಗಿನವರ ನಕ್ಷೆಯನ್ನು ಬಿಟ್ಟದ್ದೇ ತಪ್ಪು ಎಂದು ಆಗ ಹಲವರು ತೀರ್ಮಾನಿಸಿದರು. ನನ್ನ ಅಭಿಪ್ರಾಯ ಬೇರೆ. ಬಿಡುವ ನಿರ್ಧಾರ ಸರಿಯಾಗಿತ್ತು. ಬಿಟ್ಟ ರೀತಿ ಮಾತ್ರ ಸರಿಯಾಗಿರಲಿಲ್ಲ. ಇವೆರಡನ್ನು ಬೇರ್ಪಡಿಸಿ ನೋಡದೆ ಹೋದರೆ, ಇಂಥ ನಿರ್ಧಾರಗಳಲ್ಲಿ ನಿಜವಾಗಿ ಪಣಕ್ಕಿರುವುದು ಏನೆಂಬುದು ಕಾಣುವುದಿಲ್ಲ.

ಮೊದಲ ಐಫೋನ್ 2007ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಮ್ಯಾಪ್ಸ್ ಆ್ಯಪನ್ನು ಬರೆದವರು ಆ್ಯಪಲ್‌ನ ಎಂಜಿನಿಯರುಗಳು, ನಕ್ಷೆ ಮತ್ತು ಹುಡುಕಾಟದ ದತ್ತಾಂಶ ಗೂಗಲ್‌ನದು. ಆ ವರ್ಷದ ಜನವರಿಯಲ್ಲಿ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಇದೇ ಆ್ಯಪಿನಲ್ಲಿ ಹತ್ತಿರದ ಕಾಫಿ ಅಂಗಡಿಯೊಂದನ್ನು ಹುಡುಕಿ, ಅಲ್ಲಿಗೆ ಕರೆ ಮಾಡಿ, 4000 ಲಾಟೆ ಬೇಕೆಂದು ತಮಾಷೆ ಮಾಡಿದ್ದರು. ಗೂಗಲ್‌ನ ಮುಖ್ಯಸ್ಥರಾಗಿದ್ದ ಎರಿಕ್ ಶ್ಮಿಟ್ ಆಗ ಆ್ಯಪಲ್‌ನ ನಿರ್ದೇಶಕ ಮಂಡಳಿಯಲ್ಲೇ ಇದ್ದರು. ಹೀಗಾಗಿ ಈ ಎರವಲು ಯಾರಿಗೂ ಭಾರವೆನಿಸಿರಲಿಲ್ಲ. 2008ರ ಕೊನೆಯ ಹೊತ್ತಿಗೆ ಗೂಗಲ್‌ನ ಆಂಡ್ರಾಯ್ಡ್ ಫೋನುಗಳು ಅಂಗಡಿಗೆ ಬಂದವು, 2009ರ ಆಗಸ್ಟ್‌ನಲ್ಲಿ ಶ್ಮಿಟ್ ಮಂಡಳಿಯಿಂದ ಹೊರನಡೆದರು, ಪೂರೈಕೆದಾರನೇ ಪ್ರತಿಸ್ಪರ್ಧಿಯಾಗಿಬಿಟ್ಟ.

ಮುಂದಿನದನ್ನು ತಿಳಿಯಲು ಫೋನಿನ ನಕ್ಷೆ ಎಂದರೆ ಏನೆಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪರದೆಯ ಮೇಲೆ ಕಾಣುವ ಚಿತ್ರ ಅದರ ತೀರ ಮೇಲಿನ ಪದರ ಮಾತ್ರ. ಅದರ ಅಡಿಯಲ್ಲಿ ರಸ್ತೆಗಳ ಜಾಲವಿರುತ್ತದೆ: ಯಾವ ರಸ್ತೆ ಯಾವುದಕ್ಕೆ ಕೂಡುತ್ತದೆ, ಯಾವುದು ಏಕಮುಖ, ಎಲ್ಲಿ ಬಲಕ್ಕೆ ತಿರುಗುವಂತಿಲ್ಲ ಎಂಬ ಮಾಹಿತಿ. ಅದರ ಜೊತೆಗೆ ವಿಳಾಸಗಳ ಪದರ. ಬರೆದ ವಿಳಾಸವನ್ನು ಅಕ್ಷಾಂಶ ರೇಖಾಂಶಗಳ ಒಂದು ಬಿಂದುವಾಗಿ ಬದಲಿಸುವ ಕೆಲಸ ಇದರದು. ಬೆಂಗಳೂರಿನಂಥ ಊರಿನಲ್ಲಿ, ಬಡಾವಣೆ ಬಡಾವಣೆಗೂ ಒಂದೊಂದು ನಾಲ್ಕನೇ ಮೇನ್, ಏಳನೇ ಕ್ರಾಸ್ ಇರುವಲ್ಲಿ, ಈ ಕೆಲಸ ಎಷ್ಟು ಕಷ್ಟವೆಂಬುದನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಇನ್ನೊಂದು ಪದರದಲ್ಲಿ ಅಂಗಡಿ, ಆಸ್ಪತ್ರೆ, ನಿಲ್ದಾಣಗಳ ಹೆಸರು, ಅವು ತೆರೆದಿರುವ ಹೊತ್ತು ಇತ್ಯಾದಿ. ಇವಕ್ಕೆ ಉಪಗ್ರಹ ಮತ್ತು ವಿಮಾನಗಳಿಂದ ತೆಗೆದ ಚಿತ್ರಗಳು, ಆ ಕ್ಷಣದ ವಾಹನ ದಟ್ಟಣೆ, ಬಸ್ಸು ರೈಲುಗಳ ವೇಳಾಪಟ್ಟಿ ಸೇರುತ್ತವೆ. ಈ ಎಲ್ಲವನ್ನೂ ಇಟ್ಟುಕೊಂಡು ದಾರಿ ಲೆಕ್ಕ ಹಾಕುವ ಯಂತ್ರ ಬೇರೆ.

ಈ ಪದರಗಳಲ್ಲಿ ಯಾವುದೂ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ. ಅಂಗಡಿ ಮುಚ್ಚುತ್ತದೆ, ರಸ್ತೆ ಏಕಮುಖವಾಗುತ್ತದೆ, ಮೇಲ್ಸೇತುವೆ ಏಳುತ್ತದೆ. ಆದ್ದರಿಂದ ನಕ್ಷೆಯ ಬೆಲೆ ಇರುವುದು ಇಂದು ಅದರಲ್ಲಿರುವ ಮಾಹಿತಿಯಲ್ಲಿ ಎನ್ನುವುದಕ್ಕಿಂತ, ನಾಳೆ ತಪ್ಪಾಗಲಿರುವ ಮಾಹಿತಿಯನ್ನು ಯಾರು ಎಷ್ಟು ಬೇಗ ತಿದ್ದುತ್ತಾರೆ ಎಂಬುದರಲ್ಲಿ. ತಿದ್ದುಪಡಿಯ ದೊಡ್ಡ ಮೂಲ ಬಳಕೆದಾರರೇ. ಜನ ಏನನ್ನು ಹುಡುಕಿದರು, ತೋರಿಸಿದ ಫಲಿತಾಂಶಗಳಲ್ಲಿ ಯಾವುದನ್ನು ಒತ್ತಿದರು, ಹೇಳಿದ ದಾರಿ ಬಿಟ್ಟು ಎಲ್ಲಿ ಬೇರೆ ಕಡೆ ತಿರುಗಿದರು, ಯಾವ ರಸ್ತೆಯಲ್ಲಿ ಎಷ್ಟು ನಿಧಾನ ಸಾಗಿದರು ಎಂಬ ಪ್ರತಿಯೊಂದು ಕುರುಹೂ ನಕ್ಷೆಯನ್ನು ಒಂದಿಷ್ಟು ಚೊಕ್ಕಗೊಳಿಸುತ್ತದೆ. ಐಫೋನಿನಿಂದ ಹೊರಟ ಹುಡುಕಾಟಗಳೆಲ್ಲ ಗೂಗಲ್‌ನ ಸರ್ವರುಗಳಿಗೆ ಹೋಗುತ್ತಿದ್ದುದರಿಂದ, ಆ್ಯಪಲ್‌ನ ಸ್ಥಿತಿ ಗೇಣಿಗೆ ಹಿಡಿದ ಗದ್ದೆಗೆ ವರ್ಷ ವರ್ಷವೂ ತನ್ನ ಕೊಟ್ಟಿಗೆಯ ಗೊಬ್ಬರ ಹೊತ್ತು ಹಾಕುವ ರೈತನಂತಾಗಿತ್ತು. ಸತ್ವ ಹೆಚ್ಚುತ್ತಿದ್ದುದು ಗದ್ದೆಯ ಒಡೆಯನ ಮಣ್ಣಿಗೆ, ಮತ್ತು ಆ ಒಡೆಯ ಈಗ ಅದೇ ಸಂತೆಯಲ್ಲಿ ಎದುರಿಗೆ ಕೂತು ಮಾರುವವನಾಗಿದ್ದ.

ಪೂರೈಕೆದಾರನನ್ನು ಬಿಡಲು ಇದೊಂದೇ ಕಾರಣ ಸಾಕಾಗುತ್ತಿತ್ತೋ ಇಲ್ಲವೋ, ಜೊತೆಗೆ ಕಣ್ಣಿಗೆ ಕಾಣುವ ಇನ್ನೊಂದು ಕಾರಣವೂ ಒದಗಿಬಂತು. 2009ರ ಅಕ್ಟೋಬರ್‌ನಲ್ಲಿ ಗೂಗಲ್ ಆಂಡ್ರಾಯ್ಡ್ ಫೋನುಗಳಿಗೆ ತಿರುವು ತಿರುವಿನಲ್ಲೂ ಧ್ವನಿಯಲ್ಲಿ ದಾರಿ ಹೇಳುವ ಸೌಲಭ್ಯವನ್ನು ಉಚಿತವಾಗಿ ಕೊಡತೊಡಗಿತು. ಕಾರಿನಲ್ಲಿಡುವ ದಾರಿ ಹೇಳುವ ಸಾಧನಗಳನ್ನು ಮಾರುತ್ತಿದ್ದ ಗಾರ್ಮಿನ್ ಮತ್ತು ಟಾಮ್‌ಟಾಮ್ ಕಂಪನಿಗಳ ಷೇರು ಬೆಲೆ ಆ ಸುದ್ದಿಗೇ ಕುಸಿಯಿತು. ಐಫೋನಿಗೆ ಈ ಸೌಲಭ್ಯ ಬರಲಿಲ್ಲ. 2010ರ ಡಿಸೆಂಬರ್‌ನಲ್ಲಿ ಆಂಡ್ರಾಯ್ಡ್‌ನ ನಕ್ಷೆ ವೆಕ್ಟರ್ ರೂಪಕ್ಕೆ ಬದಲಾಯಿತು. ಸಿದ್ಧ ಚಿತ್ರದ ತುಣುಕುಗಳನ್ನು ಸರ್ವರಿನಿಂದ ತರಿಸಿಕೊಳ್ಳುವ ಬದಲು, ರೇಖೆ ಮತ್ತು ಆಕಾರಗಳ ಅಳತೆಗಳನ್ನು ಮಾತ್ರ ತರಿಸಿ ಫೋನೇ ಚಿತ್ರ ಬರೆದುಕೊಳ್ಳುವ ವಿಧಾನ ಅದು. ಇಂಟರ್‌ನೆಟ್ ಖರ್ಚು ಕಡಿಮೆ, ನಕ್ಷೆಯನ್ನು ತಿರುಗಿಸಿದರೂ ಹೆಸರುಗಳು ನೇರವಾಗಿ ನಿಲ್ಲುತ್ತವೆ. ಐಫೋನು ಆಗಲೂ ಹಳೆಯ ಚಿತ್ರದ ತುಣುಕುಗಳಲ್ಲೇ ಉಳಿದಿತ್ತು. ಧ್ವನಿ ಮಾರ್ಗದರ್ಶನವನ್ನು ಐಫೋನಿಗೆ ಕೊಡಬೇಕಾದರೆ ಆ್ಯಪಿನಲ್ಲಿ ತನ್ನ ಹೆಸರು ಇನ್ನಷ್ಟು ಎದ್ದು ಕಾಣಬೇಕು ಮತ್ತು ತನ್ನ ಇತರ ಸೇವೆಗಳಿಗೂ ಜಾಗ ಬೇಕು ಎಂದು ಗೂಗಲ್ ಕೇಳಿತ್ತೆಂದು ಅಮೆರಿಕದ ಪತ್ರಿಕೆಗಳು ಆಮೇಲೆ ವರದಿ ಮಾಡಿದವು. ಮಾತುಕತೆಯ ಒಳವಿವರ ಏನೇ ಇರಲಿ, ತನ್ನ ಫೋನಿನಲ್ಲಿ ಯಾವ ಸೌಲಭ್ಯ ಯಾವಾಗ ಬರಬೇಕೆಂಬ ನಿರ್ಧಾರ ಎದುರಾಳಿಯ ಕೈಯಲ್ಲಿರುವುದು ಯಾವ ತಯಾರಕನಿಗೂ ಬಹುಕಾಲ ಸಹಿಸಲಾಗದ ಸ್ಥಿತಿ.

ಆ್ಯಪಲ್ ಕೈಕಟ್ಟಿ ಕೂತಿರಲಿಲ್ಲ. 2009ರಲ್ಲಿ ಪ್ಲೇಸ್‌ಬೇಸ್, 2010ರಲ್ಲಿ ಪಾಲಿ9, 2011ರಲ್ಲಿ ಸ್ವೀಡನ್ನಿನ ಸಿ3 ಟೆಕ್ನಾಲಜೀಸ್ ಎಂಬ ನಕ್ಷೆಯ ಕಂಪನಿಗಳನ್ನು ಒಂದಾದ ಮೇಲೊಂದರಂತೆ ಖರೀದಿಸಿತು. ಇದೇ ಅವಧಿಯಲ್ಲಿ ನಡೆದ ಇನ್ನೊಂದು ಬದಲಾವಣೆ ನನ್ನ ಮಟ್ಟಿಗೆ ಇಡೀ ಕತೆಯ ಕೀಲಿ. ಫೋನು ತಾನಿರುವ ಜಾಗವನ್ನು ಜಿಪಿಎಸ್‌ನಿಂದ ಮಾತ್ರ ಕಂಡುಕೊಳ್ಳುವುದಿಲ್ಲ. ಸುತ್ತಲಿನ ವೈಫೈ ಮತ್ತು ಮೊಬೈಲ್ ಗೋಪುರಗಳನ್ನು ಗುರುತಿಸಿ, ಅವು ಎಲ್ಲೆಲ್ಲಿವೆ ಎಂಬ ಪಟ್ಟಿಯೊಂದಿಗೆ ಹೋಲಿಸಿಯೂ ಕಂಡುಕೊಳ್ಳುತ್ತದೆ. ಈ ಪಟ್ಟಿಯನ್ನು ಆ್ಯಪಲ್ ಮೊದಲು ಗೂಗಲ್ ಮತ್ತು ಸ್ಕೈಹುಕ್ ಎಂಬ ಎರಡು ಕಂಪನಿಗಳಿಂದ ಪಡೆಯುತ್ತಿತ್ತು. 2010ರ ಏಪ್ರಿಲ್‌ನಲ್ಲಿ ಬಂದ ತಂತ್ರಾಂಶದ 3.2ನೇ ಆವೃತ್ತಿಯಿಂದ ತನ್ನದೇ ಪಟ್ಟಿಯನ್ನು ಬಳಸತೊಡಗಿತು, ಮತ್ತು ಅದೇ ವರ್ಷ ಅಮೆರಿಕದ ಸಂಸದರಿಗೆ ಬರೆದ ಪತ್ರದಲ್ಲಿ ಅದನ್ನು ತಿಳಿಸಿತು. ಹೊರಗಿನ ಇಬ್ಬರು ಪೂರೈಕೆದಾರರನ್ನು ಏಕಕಾಲಕ್ಕೆ ಬಿಟ್ಟ ಈ ಘಟನೆಯ ಬಗ್ಗೆ ಸಾಮಾನ್ಯ ಬಳಕೆದಾರರು ಗೊಣಗಿದ್ದೇ ಇಲ್ಲ. ಅಲ್ಲಿ ಸುಸೂತ್ರವಾದದ್ದು ಎರಡು ವರ್ಷಗಳ ಬಳಿಕ ನಕ್ಷೆಯಲ್ಲಿ ಯಾಕೆ ಆಗಲಿಲ್ಲ?

ಒಂದು ಕಾರಣವೆಂದರೆ, ಗೋಪುರಗಳ ಪಟ್ಟಿ ತಾನು ಸರಿಯೋ ತಪ್ಪೋ ಎಂಬುದನ್ನು ತಾನೇ ತಿಳಿದುಕೊಳ್ಳಬಲ್ಲದು. ಪಟ್ಟಿಯ ಉತ್ತರವನ್ನು ಜಿಪಿಎಸ್‌ನ ಉತ್ತರದೊಂದಿಗೆ ಹೋಲಿಸಿದರೆ ಸಾಕು. ಪ್ರತಿ ಫೋನೂ ಸದ್ದಿಲ್ಲದೆ ಪರೀಕ್ಷಕನಾಗುತ್ತದೆ. ಅಂಗಡಿಯ ಹೆಸರಿಗೆ ಅಂಥ ಪ್ರತಿಪರೀಕ್ಷೆ ಇಲ್ಲ. ಬೇಕರಿ ಇದೆಯೆಂದು ನಕ್ಷೆ ಹೇಳಿದ ಜಾಗದಲ್ಲಿ ಗ್ಯಾರೇಜು ಇದ್ದರೆ ಅದು ಗೊತ್ತಾಗುವುದು ಅಲ್ಲಿಗೆ ಹೋಗಿ ನಿಂತವನಿಗೆ ಮಾತ್ರ. ಇನ್ನೊಂದು ಕಾರಣ, ನಕ್ಷೆ ಅನೇಕ ಮೂಲಗಳ ಕೂಡುವಿಕೆಯಾಗಿತ್ತು. ರಸ್ತೆಗಳ ಮುಖ್ಯ ದತ್ತಾಂಶ ಟಾಮ್‌ಟಾಮ್‌ನಿಂದ, ಅಂಗಡಿ ಹೋಟೆಲುಗಳ ವಿಮರ್ಶೆಗಳು ಯೆಲ್ಪ್‌ನಿಂದ, ಉಳಿದದ್ದು ಬೇರೆ ಬೇರೆ ಸಂಸ್ಥೆಗಳು ಮತ್ತು ಸರ್ಕಾರಿ ದಾಖಲೆಗಳಿಂದ ಬಂದಿದ್ದವು. ಹೊರಗಿನ ಪೂರೈಕೆದಾರರನ್ನು ಬಿಡುವುದೆಂದರೆ ಆ್ಯಪಲ್‌ನ ಪಾಲಿಗೆ ಒಬ್ಬನ ಜಾಗಕ್ಕೆ ಹಲವರನ್ನು ತಂದು, ಅವರ ಮಾಹಿತಿಯನ್ನು ಹೊಂದಿಸುವ ಹೊಣೆಯನ್ನು ತಾನು ಹೊತ್ತುಕೊಳ್ಳುವುದಾಗಿತ್ತು. ಒಂದು ಪಟ್ಟಿಯಲ್ಲಿ ಒಂದೇ ಊರು, ಇನ್ನೊಂದರಲ್ಲಿ ಅದೇ ಹೆಸರಿನ ಎರಡು ಊರು. ಇವು ಒಂದೆಯೋ ಬೇರೆಯೋ ಎಂದು ತೀರ್ಮಾನಿಸುವ ಕೆಲಸದಲ್ಲಿ ಆದ ಎಡವಟ್ಟುಗಳೇ ಹೆಚ್ಚಿನ ಅವಾಂತರಕ್ಕೆ ಮೂಲ.

ಡಬ್ಲಿನ್ ನಗರದ ಅಂಚಿನಲ್ಲಿ ಏರ್‌ಫೀಲ್ಡ್ ಎಂಬ ಹೆಸರಿನ ತೋಟ ಮತ್ತು ಸಾಕುಪ್ರಾಣಿಗಳ ತಾಣವೊಂದಿದೆ. ಹೊಸ ನಕ್ಷೆಯಲ್ಲಿ ಅದರ ಮೇಲೆ ವಿಮಾನದ ಗುರುತು ಬಿದ್ದಿತು. ಅಪರಿಚಿತ ಪೈಲಟ್ ಯಾರಾದರೂ ತುರ್ತು ಸಂದರ್ಭದಲ್ಲಿ ಅಲ್ಲಿ ಇಳಿಯಲು ಹೊರಟರೆ ಗತಿಯೇನೆಂದು ಐರ್ಲೆಂಡಿನ ಮಂತ್ರಿ ಆಲನ್ ಶ್ಯಾಟರ್ ಬಹಿರಂಗವಾಗಿಯೇ ಎಚ್ಚರಿಸಬೇಕಾಯಿತು. ಆಸ್ಟ್ರೇಲಿಯದ್ದು ನಗುವ ವಿಷಯವಾಗಿರಲಿಲ್ಲ. 2012ರ ಡಿಸೆಂಬರ್‌ನಲ್ಲಿ ವಿಕ್ಟೋರಿಯ ರಾಜ್ಯದ ಪೊಲೀಸರು ಈ ನಕ್ಷೆಯನ್ನು ನಂಬಿ ಮಿಲ್ಡುರಾ ಪಟ್ಟಣಕ್ಕೆ ಹೊರಡಬೇಡಿ ಎಂದು ಸಾರ್ವಜನಿಕರಿಗೆ ಪ್ರಕಟಣೆ ಹೊರಡಿಸಿದರು. ಪಟ್ಟಣದಿಂದ ಸುಮಾರು 70 ಕಿಲೋಮೀಟರ್ ದೂರದ ಮರ್ರೆ ಸನ್‌ಸೆಟ್ ರಾಷ್ಟ್ರೀಯ ಉದ್ಯಾನದ ನಡುವೆ ನಕ್ಷೆ ಮಿಲ್ಡುರಾವನ್ನು ತೋರಿಸುತ್ತಿತ್ತು. ಉಷ್ಣತೆ 46 ಡಿಗ್ರಿಯವರೆಗೆ ಏರಬಲ್ಲ, ನೀರಿಲ್ಲದ ಆ ಪ್ರದೇಶದಲ್ಲಿ ಸಿಕ್ಕಿಕೊಂಡವರಲ್ಲಿ ಕೆಲವರು 24 ಗಂಟೆಯವರೆಗೆ ಅನ್ನ ನೀರಿಲ್ಲದೆ ಕಳೆದಿದ್ದರು. ಅಲ್ಲಿನ ಅಧಿಕೃತ ಸ್ಥಳನಾಮ ಪಟ್ಟಿಯಲ್ಲಿ ಮಿಲ್ಡುರಾ ಎಂಬ ಹೆಸರಿಗೆ ಎರಡು ನಮೂದುಗಳಿದ್ದವು ಎಂದು ಬಳಿಕ ವರದಿಯಾಯಿತು: ಒಂದು ಪಟ್ಟಣದ್ದು, ಇನ್ನೊಂದು ಅದೇ ಹೆಸರಿನ ವಿಶಾಲ ಆಡಳಿತ ಪ್ರದೇಶದ್ದು. ಎರಡನೆಯದರ ಮಧ್ಯಬಿಂದು ಕಾಡಿನೊಳಗೆ ಬೀಳುತ್ತಿತ್ತು. ತಾಲ್ಲೂಕಿನ ಹೆಸರೂ ತಾಲ್ಲೂಕು ಕೇಂದ್ರದ ಹೆಸರೂ ಒಂದೇ ಆಗಿರುವ ನಮ್ಮ ನಾಡಿನಲ್ಲಿ ಈ ಬಗೆಯ ಗೊಂದಲ ಎಷ್ಟು ಸುಲಭವಾಗಿ ಆಗಬಹುದೆಂದು ಊಹಿಸಬಹುದು. ಪಟ್ಟಿಯೂ ತಪ್ಪಲ್ಲ, ತಂತ್ರಾಂಶವೂ ಲೆಕ್ಕ ತಪ್ಪಲಿಲ್ಲ. ಎರಡರಲ್ಲಿ ಯಾವುದನ್ನು ಆಯ್ಕೆ ಮಾಡಬೇಕೆಂಬ ತಿಳಿವು ಇರಲಿಲ್ಲ. ಆ ತಿಳಿವು ಬರುವುದು ಲಕ್ಷಾಂತರ ಜನ ಮಿಲ್ಡುರಾ ಎಂದು ಹುಡುಕಿ ಪಟ್ಟಣದ ಕಡೆಗೇ ಹೋದದ್ದನ್ನು ಕಂಡಾಗ. ಅದನ್ನು ಕಂಡಿದ್ದವರು ಗೂಗಲ್‌ನವರು.

ಕರಗಿದ ಮೇಣದಂತೆ ಬಾಗಿದ ಸೇತುವೆಗಳ ಮೂರು ಆಯಾಮದ ಚಿತ್ರಗಳು ಆಗ ಹೆಚ್ಚು ನಗೆಗೀಡಾದವಾದರೂ, ದಿನನಿತ್ಯದ ಬಳಕೆದಾರರಿಗೆ ಅದಕ್ಕಿಂತ ದೊಡ್ಡ ನಷ್ಟವೆಂದರೆ ಹಳೆಯ ಆ್ಯಪಿನಲ್ಲಿದ್ದ ಬಸ್ಸು ರೈಲುಗಳ ಮಾರ್ಗದರ್ಶನ ಮತ್ತು ಬೀದಿಗಳ ಚಿತ್ರ ತೋರಿಸುವ ಸ್ಟ್ರೀಟ್ ವ್ಯೂ ಎರಡೂ ಇಲ್ಲವಾದದ್ದು. ಸಾರ್ವಜನಿಕ ಸಾರಿಗೆಯ ದಾರಿಯನ್ನು ಆ್ಯಪಲ್ ಮರಳಿ ತಂದದ್ದು 2015ರಲ್ಲಿ, ಅದೂ ಕೆಲವೇ ನಗರಗಳಿಗೆ. ಆ್ಯಪಲ್‌ನ ಆಗಿನ ಮುಖ್ಯಸ್ಥ ಟಿಮ್ ಕುಕ್ 2012ರ ಸೆಪ್ಟೆಂಬರ್ 28ರಂದು ಬಹಿರಂಗ ಪತ್ರ ಬರೆದು ಕ್ಷಮೆ ಕೇಳಿದರು. ನಕ್ಷೆ ಸುಧಾರಿಸುವವರೆಗೆ ಬಿಂಗ್, ಮ್ಯಾಪ್‌ಕ್ವೆಸ್ಟ್, ವೇಜ್ ಬಳಸಿ, ಇಲ್ಲವೇ ಬ್ರೌಸರಿನಲ್ಲಿ ಗೂಗಲ್ ಅಥವಾ ನೋಕಿಯಾದ ನಕ್ಷೆಗೆ ಹೋಗಿ ಎಂದು ಗ್ರಾಹಕರಿಗೆ ತಾವೇ ಸಲಹೆ ಕೊಟ್ಟರು. ಐಒಎಸ್‌ನ ಹೊಣೆ ಹೊತ್ತಿದ್ದ ಸ್ಕಾಟ್ ಫೋರ್ಸ್ಟಾಲ್ ಕಂಪನಿ ಬಿಡುವ ಸುದ್ದಿ ಅಕ್ಟೋಬರ್ ಮುಗಿಯುವ ಮೊದಲೇ ಬಂತು. ಡಿಸೆಂಬರ್‌ನಲ್ಲಿ ಗೂಗಲ್ ತನ್ನದೇ ಪ್ರತ್ಯೇಕ ಆ್ಯಪನ್ನು ಐಫೋನಿಗೆ ಬಿಟ್ಟಾಗ ಎರಡು ದಿನಗಳಲ್ಲಿ ಒಂದು ಕೋಟಿ ಜನ ಅದನ್ನು ಇಳಿಸಿಕೊಂಡರು.

ಆದರೆ ಕುಕ್ ಅವರ ಅದೇ ಪತ್ರದಲ್ಲಿದ್ದ ಇನ್ನೊಂದು ಸಂಗತಿಯ ಕಡೆಗೆ ಕ್ಷಮೆಯ ಗದ್ದಲದಲ್ಲಿ ಹೆಚ್ಚು ಜನರ ಗಮನ ಹೋಗಲಿಲ್ಲ. ಹೊಸ ನಕ್ಷೆ ಬಂದ ಒಂದು ವಾರದ ಆಚೀಚೆಯಲ್ಲೇ 10 ಕೋಟಿಗೂ ಹೆಚ್ಚು ಸಾಧನಗಳು ಅದನ್ನು ಬಳಸುತ್ತಿದ್ದವು, ಸುಮಾರು 50 ಕೋಟಿ ಸ್ಥಳಗಳನ್ನು ಜನ ಅದರಲ್ಲಿ ಹುಡುಕಿದ್ದರು. ಹೆಚ್ಚು ಜನ ಬಳಸಿದಷ್ಟೂ ನಕ್ಷೆ ಉತ್ತಮವಾಗುತ್ತದೆಂದೂ ಅವರು ಬರೆದಿದ್ದರು. ಅಂದರೆ ಅದುವರೆಗೆ ಗೂಗಲ್ ಕಡೆಗೆ ಹರಿಯುತ್ತಿದ್ದ ತಿದ್ದುಪಡಿಯ ಹೊಳೆ ಒಂದೇ ವಾರದಲ್ಲಿ ಪಾತ್ರ ಬದಲಿಸಿತ್ತು. ನಕ್ಷೆಯನ್ನು ಬೈಯುತ್ತಲೇ ಬಳಸಿದವರು ಅದನ್ನು ತಿದ್ದುತ್ತಲೂ ಇದ್ದರು. ಅದೇ ವಾರ ಮಾರಾಟಕ್ಕೆ ಬಂದ ಐಫೋನ್ 5 ಮೊದಲ ಮೂರು ದಿನಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಮಾರಾಟವಾಗಿತ್ತು ಎಂಬುದನ್ನೂ ಇಲ್ಲಿ ಸೇರಿಸಬೇಕು. ಕೆಟ್ಟ ನಕ್ಷೆ ಹೆಸರು ಕೆಡಿಸಿತು, ವ್ಯಾಪಾರವನ್ನು ಅಷ್ಟಾಗಿ ಕೆಡಿಸಲಿಲ್ಲ.

ಇಲ್ಲಿಯೇ ಈ ಬದಲಾವಣೆಯ ನಿಜವಾದ ಬಿಕ್ಕಟ್ಟು ಇರುವುದು. ನಕ್ಷೆ ಸುಧಾರಿಸಲು ಬಳಕೆದಾರರು ಬೇಕು, ಬಳಕೆದಾರರು ಬರಲು ನಕ್ಷೆ ಚೆನ್ನಾಗಿರಬೇಕು. ಪ್ರಯೋಗಾಲಯದಲ್ಲಿ ಎಷ್ಟು ವರ್ಷ ಇಟ್ಟು ತಿದ್ದಿದರೂ ಹೊಸ ನಕ್ಷೆ ಹೊರಬರುವ ದಿನ ಹಳೆಯದಕ್ಕಿಂತ ಕಳಪೆಯಾಗಿಯೇ ಇರುತ್ತದೆ, ಏಕೆಂದರೆ ಹಳೆಯದು ಆ ವರ್ಷಗಳಲ್ಲೂ ಕೋಟ್ಯಂತರ ಜನರ ಕೈಯಲ್ಲಿ ಪಳಗುತ್ತಿರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಆಯ್ಕೆಯನ್ನು ಜನರಿಗೇ ಬಿಡಬೇಕಿತ್ತು ಎನ್ನುವವರು ಒಂದನ್ನು ಮರೆಯುತ್ತಾರೆ: ಒಳ್ಳೆಯದು ಪಕ್ಕದಲ್ಲೇ ಇರುವಾಗ ಕಳಪೆಯದನ್ನು ಬಳಸಿ ತಿದ್ದಿಕೊಡುವ ಪರೋಪಕಾರಿಗಳು ಹೆಚ್ಚಿರುವುದಿಲ್ಲ. ಆದ್ದರಿಂದ ಹೊಸ ನಕ್ಷೆಯನ್ನು ಫೋನಿನಲ್ಲಿ ಮೊದಲಿಗೇ ಸಿಗುವಂತೆ ಇಟ್ಟದ್ದು ಕಠೋರವಾದರೂ ಅರ್ಥವಾಗುವ ನಡೆ. ಅರ್ಥವಾಗದೆ ಇರುವುದು ಎರಡು. ಜಗತ್ತಿನ ಎಲ್ಲ ದೇಶಗಳಲ್ಲೂ ಒಂದೇ ದಿನ ಬದಲಿಸಿದ್ದು ಒಂದು; ತಾನೇ ಕೊಡುತ್ತಿದ್ದ ಹಳೆಯ ನಕ್ಷೆಯನ್ನು, ಬೇರೆ ಆಸರೆ ಒದಗುವ ಮೊದಲೇ, ಫೋನಿನಿಂದ ಕಿತ್ತುಹಾಕಿದ್ದು ಇನ್ನೊಂದು. ಗೂಗಲ್‌ನೊಂದಿಗಿನ ಒಪ್ಪಂದದ ಅವಧಿ ಆಗ ಇನ್ನೂ ಒಂದು ವರ್ಷಕ್ಕೂ ಹೆಚ್ಚು ಉಳಿದಿತ್ತೆಂದು ವರದಿಗಳಿದ್ದವು. ಅದು ನಿಜವಾಗಿದ್ದಲ್ಲಿ, ದತ್ತಾಂಶ ಗಟ್ಟಿಯಾಗಿದ್ದ ದೇಶಗಳಿಂದ ಶುರುಮಾಡಿ, ಮಿಲ್ಡುರಾದಂಥ ಊರುಗಳಿಗೆ ಕೊನೆಗೆ ತಲುಪುವಷ್ಟು ಕಾಲಾವಕಾಶ ಇತ್ತು.

ಹಾಗೆ ಮಾಡುವುದು ಸಾಧ್ಯವೆಂಬುದಕ್ಕೆ ಗೂಗಲ್ ತಾನೇ ಸಾಕ್ಷಿ. ಅದೂ ಒಂದು ಕಾಲದಲ್ಲಿ ರಸ್ತೆಗಳ ದತ್ತಾಂಶವನ್ನು ಹೊರಗಿನವರಿಂದಲೇ ಕೊಳ್ಳುತ್ತಿತ್ತು. ಟಾಮ್‌ಟಾಮ್ ಒಡೆತನದ ಟೆಲಿ ಅಟ್ಲಾಸ್ ಅದರ ಪೂರೈಕೆದಾರರಲ್ಲಿ ಒಂದು. ಬೀದಿ ಬೀದಿ ಸುತ್ತುವ ಸ್ಟ್ರೀಟ್ ವ್ಯೂ ಕಾರುಗಳ ಚಿತ್ರಗಳಿಂದ ರಸ್ತೆ ಫಲಕಗಳನ್ನೂ ಮನೆ ಸಂಖ್ಯೆಗಳನ್ನೂ ಓದಿ, ಸಾರ್ವಜನಿಕ ದಾಖಲೆಗಳೊಂದಿಗೆ ಹೊಂದಿಸಿ, ಸ್ವಂತ ನಕ್ಷೆ ಕಟ್ಟುವ ಗ್ರೌಂಡ್ ಟ್ರುತ್ ಎಂಬ ಯೋಜನೆಯನ್ನು ಅದು 2008ರಲ್ಲಿ ಆರಂಭಿಸಿತು. 2009ರ ಅಕ್ಟೋಬರ್‌ನಲ್ಲಿ ಟೆಲಿ ಅಟ್ಲಾಸ್ ದತ್ತಾಂಶವನ್ನು ಕೈಬಿಟ್ಟಿತು, ಆದರೆ ಅಮೆರಿಕದ ಮಟ್ಟಿಗೆ ಮಾತ್ರ. ಉಳಿದ ದೇಶಗಳ ಸರದಿ ಒಂದೊಂದಾಗಿ ಆಮೇಲೆ ಬಂತು. ಉಚಿತ ಧ್ವನಿ ಮಾರ್ಗದರ್ಶನ ಬಂದದ್ದೂ ಅದೇ ತಿಂಗಳಲ್ಲಿ ಎಂಬುದನ್ನು ಗಮನಿಸಬೇಕು. ದತ್ತಾಂಶ ತನ್ನದಾದ ಮೇಲೆ ಅದನ್ನು ಹೇಗೆ ಬಳಸಬಹುದು, ಎಷ್ಟಕ್ಕೆ ಕೊಡಬಹುದು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಆ್ಯಪಲ್ ಕೂಡ ಕೊನೆಗೆ ಅದೇ ದಾರಿಗೆ ಬಂತು. 2015ರಿಂದ ಅದರ ಕ್ಯಾಮೆರಾ ಹೊತ್ತ ವಾಹನಗಳು ರಸ್ತೆಗಿಳಿದವು. 2016ರಲ್ಲಿ ಹೈದರಾಬಾದಿನಲ್ಲಿ ನಕ್ಷೆಯ ಕೆಲಸಕ್ಕೆಂದೇ ಕಚೇರಿ ತೆರೆದು 4000 ಉದ್ಯೋಗಗಳವರೆಗೆ ಸೃಷ್ಟಿಸುವುದಾಗಿ ಪ್ರಕಟಿಸಿತು. ಕೊಂಡು ತಂದ ದತ್ತಾಂಶಕ್ಕೆ ತೇಪೆ ಹಾಕುವುದನ್ನು ಬಿಟ್ಟು ಅಡಿಪಾಯದಿಂದಲೇ ನಕ್ಷೆಯನ್ನು ಮತ್ತೆ ಕಟ್ಟುತ್ತಿದ್ದೇವೆಂದು ಹಿರಿಯ ಅಧಿಕಾರಿ ಎಡ್ಡಿ ಕ್ಯೂ 2018ರಲ್ಲಿ ಒಪ್ಪಿಕೊಂಡರು. ಈ ಸಲ ಮೊದಲು ಬದಲಾದದ್ದು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಪ್ರದೇಶ ಮಾತ್ರ. ಇಡೀ ಅಮೆರಿಕ ಮುಗಿದದ್ದು 2020ರ ಜನವರಿಯಲ್ಲಿ. ಪ್ರಯಾಣದ ಮಾಹಿತಿ ಸಂಗ್ರಹಿಸುವಾಗ ಆರಂಭ ಮತ್ತು ಅಂತ್ಯದ ಭಾಗಗಳನ್ನು ಕತ್ತರಿಸಿ, ನಡುವಿನ ತುಂಡುಗಳನ್ನು ಮಾತ್ರ ಹೆಸರಿಲ್ಲದೆ ಕಳಿಸುವ ಕ್ರಮವನ್ನೂ ಅದು ಅನುಸರಿಸಿತು. ಬಳಕೆದಾರರ ಗುಟ್ಟು ಕಾಯುವುದನ್ನೇ ಮಾರಾಟದ ಮಾತಾಗಿಸಿಕೊಂಡ ಕಂಪನಿಗೆ ಜನರ ಓಡಾಟದ ಮಾಹಿತಿ ಜಾಹೀರಾತಿನ ಕಂಪನಿಯೊಂದಕ್ಕೆ ಹೋಗದಿರುವುದೇ ಒಂದು ಲಾಭ. ಆ್ಯಪ್ ಬರೆಯುವ ಹೊರಗಿನ ಡೆವಲಪರುಗಳಿಗೆ ಐಫೋನ್ ತಾನೇ ಒದಗಿಸುವ ನಕ್ಷೆಯೂ 2012ರಿಂದ ಇದೇ ಆದ್ದರಿಂದ ಅದರ ದರ ಮತ್ತು ಷರತ್ತುಗಳೂ ಆ್ಯಪಲ್‌ನ ಕೈಗೆ ಬಂದವು.

ಹಾಗೆಂದು ಪ್ರತಿ ಫೋನ್ ತಯಾರಕನೂ ಇದನ್ನೇ ಮಾಡಬೇಕೆಂದಲ್ಲ. ಆಂಡ್ರಾಯ್ಡ್ ಫೋನ್ ಮಾಡುವವರಿಗೆ ಗೂಗಲ್ ನಕ್ಷೆ ಇತರ ಸೇವೆಗಳ ಜೊತೆ ಕಟ್ಟಿನಲ್ಲೇ ಬರುತ್ತದೆ. ಅದನ್ನು ಬಿಟ್ಟು ಸ್ವಂತದ್ದು ಕಟ್ಟಲು ಬೇಕಾದ ಹಣವಾಗಲಿ, ಅದನ್ನು ಪಳಗಿಸುವಷ್ಟು ಬಳಕೆದಾರರಾಗಲಿ ಹೆಚ್ಚಿನವರಲ್ಲಿ ಇಲ್ಲ. ಸ್ಯಾಮ್‌ಸಂಗ್ 2014ರಲ್ಲಿ ನೋಕಿಯಾದ ಹಿಯರ್ ನಕ್ಷೆಯನ್ನು ತನ್ನ ಗ್ಯಾಲಕ್ಸಿ ಫೋನುಗಳಿಗೆ ತಂದುಕೊಂಡಿತು. ಕಟ್ಟುವ ಗೋಜಿಗೆ ಹೋಗದೆ ಇನ್ನೊಂದು ಬಾಗಿಲು ತೆರೆದಿಟ್ಟುಕೊಳ್ಳುವ ಈ ನಡುದಾರಿ ಹಲವರಿಗೆ ಸಾಕು. ಹುವಾವೇಗೆ ಆಯ್ಕೆಯೇ ಇರಲಿಲ್ಲ. 2019ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಅದನ್ನು ನಿರ್ಬಂಧದ ಪಟ್ಟಿಗೆ ಸೇರಿಸಿದ ಮೇಲೆ ಅದರ ಹೊಸ ಫೋನುಗಳಿಗೆ ಗೂಗಲ್ ಸೇವೆಗಳು ಸಿಗದಂತಾಗಿ, ಟಾಮ್‌ಟಾಮ್ ಜೊತೆ ಒಪ್ಪಂದ ಮಾಡಿಕೊಂಡು 2020ರ ಅಕ್ಟೋಬರ್ ಹೊತ್ತಿಗೆ ಪೆಟಲ್ ಮ್ಯಾಪ್ಸ್ ಎಂಬ ತನ್ನದೇ ಆ್ಯಪನ್ನು ಹೊರತರಬೇಕಾಯಿತು. ಪೂರೈಕೆದಾರ ಮುನಿಯದಿದ್ದರೂ ಅವನ ಸರ್ಕಾರ ಮುನಿಯಬಹುದು ಎಂಬ ಈ ಅಪಾಯವನ್ನು 2012ರ ಚರ್ಚೆಗಳಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಬೆಲೆಯ ಪ್ರಶ್ನೆಗೆ ನಮ್ಮ ಊರಿನದೇ ಉದಾಹರಣೆಯಿದೆ, ಅದು ಫೋನ್ ತಯಾರಕರದ್ದಲ್ಲದಿದ್ದರೂ. ಬೆಂಗಳೂರಿನ ಓಲಾ 2024ರ ಜುಲೈನಲ್ಲಿ ಗೂಗಲ್ ನಕ್ಷೆಯನ್ನು ಬಿಟ್ಟು ತನ್ನದಕ್ಕೆ ಹೋದಾಗ, ಅದುವರೆಗೆ ವರ್ಷಕ್ಕೆ 100 ಕೋಟಿ ರೂಪಾಯಿ ಖರ್ಚಾಗುತ್ತಿತ್ತೆಂದು ಅದರ ಸ್ಥಾಪಕ ಭವಿಶ್ ಅಗರ್‌ವಾಲ್ ಹೇಳಿದರು. ಅದೇ ತಿಂಗಳು ಗೂಗಲ್ ಭಾರತದ ಡೆವಲಪರುಗಳಿಗೆ ತನ್ನ ನಕ್ಷೆ ಸೇವೆಗಳ ದರವನ್ನು ಶೇ 70ರವರೆಗೆ ಇಳಿಸುವುದಾಗಿ ಪ್ರಕಟಿಸಿತು. ಬಿಡುವ ಶಕ್ತಿ ಇದೆಯೆಂದು ತೋರಿಸುವವರು ಒಬ್ಬರಾದರೂ ಇದ್ದರೆ, ಬಿಡದೆ ಉಳಿದವರಿಗೂ ಅದರ ಲಾಭ ಸಿಗಬಹುದು.

ನಕ್ಷೆಯ ವಿಷಯದಲ್ಲಿ ಇಷ್ಟು ಹಟ ತೋರಿದ ಆ್ಯಪಲ್, ಹುಡುಕಾಟದ ವಿಷಯದಲ್ಲಿ ಮಾತ್ರ ಅದೇ ಗೂಗಲ್ ಅನ್ನು ಸಫಾರಿ ಬ್ರೌಸರಿನಲ್ಲಿ ಉಳಿಸಿಕೊಂಡಿತು. ಅಲ್ಲಿಯೂ ಐಫೋನ್ ಬಳಕೆದಾರರ ಪ್ರತಿ ಹುಡುಕಾಟವೂ ಗೂಗಲ್‌ನ ಯಂತ್ರವನ್ನೇ ಚೂಪುಗೊಳಿಸುತ್ತದೆ. ವ್ಯತ್ಯಾಸವೆಂದರೆ ಅಲ್ಲಿ ಹಣ ಬರುವುದು ಆ್ಯಪಲ್ ಕಡೆಗೆ. ಆ ಸ್ಥಾನಕ್ಕಾಗಿ ಗೂಗಲ್ 2022ರೊಂದರಲ್ಲೇ ಸುಮಾರು 2000 ಕೋಟಿ ಡಾಲರ್ ಕೊಟ್ಟಿತ್ತೆಂಬುದು ಅಮೆರಿಕ ಸರ್ಕಾರ ಗೂಗಲ್ ವಿರುದ್ಧ ಹೂಡಿದ ಏಕಸ್ವಾಮ್ಯ ಮೊಕದ್ದಮೆಯ ದಾಖಲೆಗಳಿಂದ ಹೊರಬಿತ್ತು.